ಪುಕ್ಕಟೆಯದು ಮುಟ್ಟಿಲ್ಲ ಸಾರ್

ಸಂದರ್ಶನಕ್ಕೆ ಹೋಗಿದ್ದ ಭವ್ಯಶ್ರೀ ಮಧ್ಯಾಹ್ನದ ಹೊತ್ತಿಗೇ ತಿರುಗಿ ಬಂದಳು. ಕೃಷ್ಣಮೂರ್ತಿಪುರಂನ ಆ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ, ಅವಳಿಗೆ ಪಾಠ ಹೇಳಿದ ಮೈತ್ರೇಯಿ ಬೋರ್ಡು ಒರೆಸುತ್ತಿದ್ದಳು. ಮಾಲೀಕ ಯೋಗೇಂದ್ರ ಗಾಜಿನ ಕೋಣೆಯೊಳಗೆ ಫೋನಿನಲ್ಲಿ ಯಾರಿಗೋ ತನ್ನ ಕೋರ್ಸಿನ ಗುಣಗಾನ ಮಾಡುತ್ತಿದ್ದ.

"ಕೆಲಸ ಸಿಗ್ಲಿಲ್ಲ ಮೇಡಂ," ಎಂದಳು ಹುಡುಗಿ, ಹೆಗಲಿನ ಬ್ಯಾಗು ಕೂಡ ಇಳಿಸದೆ.

ಮೈತ್ರೇಯಿಗೆ ನಂಬಲಾಗಲಿಲ್ಲ. ಮೊಬೈಲ್ ಗೇಮುಗಳಿಗೆ ಚಿತ್ರ ಬರೆಯುವುದರಲ್ಲಿ ಇವಳನ್ನು ಸರಿಗಟ್ಟುವವರು ಆ ಕೇಂದ್ರದಲ್ಲಿ ಯಾರೂ ಇರಲಿಲ್ಲ. ಇಲವಾಲದ ತನ್ನ ಮನೆಯ ಹಿತ್ತಲಲ್ಲಿ ಕೋಳಿ ಓಡುವುದನ್ನು ನೋಡಿ ನೋಡಿ, ಒಂದೊಂದು ಹೆಜ್ಜೆಯನ್ನೂ ಬೇರೆ ಬೇರೆ ಬರೆದು, ತೆರೆಯ ಮೇಲೆ ಓಡಿಸಿದಾಗ ಇಡೀ ತರಗತಿ ಬಿದ್ದು ಬಿದ್ದು ನಕ್ಕಿತ್ತು. ಜಯಲಕ್ಷ್ಮಿಪುರಂನ ಪುಟ್ಟ ಗೇಮ್ ಕಂಪನಿಯೊಂದು ಆ ಕೋಳಿಯನ್ನು ನೋಡಿಯೇ ಇವಳನ್ನು ಕರೆಸಿತ್ತು.

ಚಿತ್ರಗಳು ಅಲ್ಲಿ ಎಲ್ಲರಿಗೂ ಹಿಡಿಸಿದವಂತೆ. ಕಾಫಿ ಕೊಟ್ಟು, ಯಾವಾಗ ಬಂದು ಸೇರುತ್ತೀರಿ ಎಂದೂ ಕೇಳಿದರಂತೆ. ಕೊನೆಗೆ ಸುಮ್ಮನೆ ಒಂದು ಪ್ರಶ್ನೆ: ನಾವು ಸಣ್ಣವರು, ಇಲ್ಲಿ ಎಲ್ಲ ಕೆಲಸವೂ ಪುಕ್ಕಟೆ ಸಿಗುವ ಕ್ರಿಟಾ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲೇ, ನಿಮಗೆ ಅದು ಬರುತ್ತದಲ್ಲ?

"ಪುಕ್ಕಟೆಯದೆಲ್ಲ ಮುಟ್ಟಿಲ್ಲ ಸಾರ್, ನಾನು ಕಲ್ತಿರೋದು ದುಡ್ಡಿನ ಸಾಫ್ಟ್‌ವೇರಲ್ಲಿ ಅಂತ ಹೇಳ್ಬುಟ್ಟೆ," ಎಂದಳು ಭವ್ಯಶ್ರೀ. "ಹಂಗಂದ್ರೇನೇ ಬೆಲೆ ಬರೋದು ಅಂತ ಯೋಗೇಂದ್ರ ಸಾರ್ ಹೇಳ್ಕೊಟ್ಟಿದ್ರಲ್ಲ."

ಕೆಲಸ ನಾಳೆಯೇ ಶುರುವಾಗಬೇಕು, ಕಲಿಸುತ್ತ ಕೂರುವಷ್ಟು ಪುರುಸೊತ್ತಿಲ್ಲಮ್ಮ ಎಂದು ಬೇಸರದಿಂದಲೇ ಹೇಳಿ, ಹೊರಗೆ ಕಾಯುತ್ತಿದ್ದ ಇನ್ನೊಬ್ಬನನ್ನು ಒಳಗೆ ಕರೆದರಂತೆ.

ಮೈತ್ರೇಯಿ ಬೋರ್ಡು ಒರೆಸುವುದನ್ನು ಅರ್ಧಕ್ಕೇ ಬಿಟ್ಟಳು. ಈ ಕೇಂದ್ರದ ಅಷ್ಟೂ ಕಂಪ್ಯೂಟರುಗಳಲ್ಲಿ ಇದ್ದದ್ದು ಕ್ರಿಟಾ ಒಂದೇ. ಪುಕ್ಕಟೆ ಸಿಗುವುದಕ್ಕೆ ಫೀಸು ಯಾಕೆ ಎಂದು ತಂದೆತಾಯಿಗಳು ಎದ್ದು ಹೋಗತೊಡಗಿದಾಗ ಯೋಗೇಂದ್ರ ಯಾರನ್ನೋ ಹಿಡಿದು ಅದರ ಹೆಸರು, ಗುರುತು, ತೆರೆದೊಡನೆ ಕಾಣುವ ಚಿತ್ರ ಎಲ್ಲವನ್ನೂ ಬದಲಾಯಿಸಿ, ದುಬಾರಿ ಸಾಫ್ಟ್‌ವೇರಿನ ವೇಷ ತೊಡಿಸಿಬಿಟ್ಟಿದ್ದ. ಲೋಕಕ್ಕೆಲ್ಲ ಉಪಯೋಗವಾಗಲಿ ಎಂದು ಯಾರೋ ಪುಣ್ಯಾತ್ಮರು ಬಿಟ್ಟುಕೊಟ್ಟದ್ದಕ್ಕೆ ಇಲ್ಲಿ ಈ ಗತಿ. ಇದು ಸರಿಯಲ್ಲ ಎಂದ ಮೈತ್ರೇಯಿಗೆ, ಹಾಗಾದರೆ ಬೇರೆ ಕಡೆ ಕೆಲಸ ನೋಡಿಕೊಳ್ಳಿ ಎಂದಿದ್ದ. ಅವಳು ಬಾಯಿ ಮುಚ್ಚಿಕೊಂಡಿದ್ದಳು. ಹೆಸರು ಯಾವುದಾದರೇನು, ಮಕ್ಕಳು ವಿದ್ಯೆಯನ್ನಂತೂ ಕಲಿಯುತ್ತವೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

"ಆ ಕ್ರಿಟಾ ಬಾಳ ಕಷ್ಟನಾ ಮೇಡಂ? ನಂಗೆ ಕಲಿಸ್ಕೊಡ್ತೀರಾ?"

ಗಾಜಿನ ಬಾಗಿಲು ತೆರೆಯಿತು. ಇಂಥ ಮಾತಿಗೆ ಯೋಗೇಂದ್ರನ ಕಿವಿ ಬಲು ಚುರುಕು. ಅದಕ್ಕೇನಂತೆ, ಕ್ರಿಟಾಗೆಂದೇ ಬೇರೆ ಕೋರ್ಸು ಶುರುಮಾಡೋಣ, ಹಳೇ ವಿದ್ಯಾರ್ಥಿನಿ ಅಲ್ಲವೇ, ಫೀಸಿನಲ್ಲಿ ರಿಯಾಯಿತಿ ಕೊಡೋಣ ಎಂದು ನಗುನಗುತ್ತಲೇ ಹೇಳಿದ. ಭವ್ಯಶ್ರೀ ಅದನ್ನೂ ನಂಬಿದಳು. ಅಪ್ಪನನ್ನು ಕೇಳಿ ಬರುತ್ತೇನೆ ಎಂದು ವಿಧೇಯಳಾಗಿ ತಲೆಯಾಡಿಸಿದಳು. ಮೈತ್ರೇಯಿಗೆ ಅಸಹ್ಯವಾಯಿತು, ಅವನ ಮೇಲೂ, ತನ್ನ ಮೇಲೂ.

"ಯಾವ ಕೋರ್ಸಿಗೂ ಸೇರ್ಬೇಡ ಕಣಮ್ಮ. ನೀನು ಇಷ್ಟು ದಿನ ಬರೆದಿದ್ದೆಲ್ಲ ಕ್ರಿಟಾದಲ್ಲೇ. ಇವರು ಹೆಸರು ಬದಲಾಯಿಸಿಟ್ಟಿದ್ರು. ನಂಗೂ ಗೊತ್ತಿತ್ತು."

ಯೋಗೇಂದ್ರನ ನಗು ಆರಿತು. ಹುಡುಗಿ ಅವನತ್ತ ತಿರುಗಿಯೂ ನೋಡಲಿಲ್ಲ. ಈಗ ಬಯ್ಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದು ಮೈತ್ರೇಯಿ ಕಾದಳು. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆದರೆ ಭವ್ಯಶ್ರೀ ತಾನೇ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಮುಖ ಕೆಂಪಗೆ ಮಾಡಿಕೊಂಡು ಮೆಲ್ಲಗೆ ಕೇಳಿದಳು:

"ಹಂಗಾದ್ರೆ ಅಷ್ಟೊಳ್ಳೆಯವ್ರ ಮುಂದೆ ನಾನು ಸುಳ್ಳು ಹೇಳಿ ಬಂದ್ಬುಟ್ಟೆನಾ ಮೇಡಂ?"