ಎಡಗೈಯ ನಾಡಿ

ನಾಡಿ ನೋಡುವಾಗ ರೋಗಿಯ ಕೈ ಇಡುವ ಪುಟ್ಟ ದಿಂಬನ್ನು ಫಾಂಗ್ ಪಂಡಿತರು ನಿನ್ನೆ ಮೊನ್ನೆ ಬಂದ ಶಿಷ್ಯೆ ಯುಲಾನಳ ಮುಂದಿಟ್ಟಾಗ ಹಿರಿಯ ಶಿಷ್ಯ ದೆಶೆಂಗನ ಹೊಟ್ಟೆಯಲ್ಲಿ ಕಿಚ್ಚೆದ್ದಿತು. ಸೂಚೌ ಪಟ್ಟಣದ ಆ ಔಷಧಿ ಅಂಗಡಿಯಲ್ಲಿ ಇಷ್ಟು ವರ್ಷ ಬೇರು ಕುಟ್ಟಿ ಕಷಾಯ ಕಾಸಿದವನು ಅವನು. ರೋಗಿಯ ಕೈ ಹಿಡಿಯುವ ಭಾಗ್ಯ ಮಾತ್ರ ಅವಳಿಗೆ.

"ಮೊದ್ಲು ನಿಮ್ಮ ದೆಶೆಂಗಣ್ಣನ ಕೈ ನೋಡಮ್ಮ," ಎಂದರು ಪಂಡಿತರು. ಅವನು ಒಲ್ಲದ ಮನಸ್ಸಿನಿಂದ ಎಡಗೈ ಚಾಚಿದ. ಅವಳು ಬೆರಳಿಟ್ಟು ಕಣ್ಣು ಮುಚ್ಚಿದಳು.

"ಯಕೃತ್ತಿನ ನಾಡಿ ತಂತಿ ಬಿಗಿದ ಹಾಗಿದೆ, ಗುರುಗಳೇ. ಅಣ್ಣ ಸಿಟ್ಟು ನುಂಗ್ಕೊಂಡಿದಾರೆ."

"ಯಾರ ಮೇಲೆ?"

ದೆಶೆಂಗನ ಕಿವಿ ಬಿಸಿಯಾಯಿತು. ಯುಲಾನ್ ಕಣ್ಣು ತೆರೆದು ಅವನನ್ನೇ ನೋಡಿದಳು. ಅವಳಿಗೆ ಎಲ್ಲ ತಿಳಿದಿತ್ತು.

"ಅದನ್ನೆಲ್ಲ ನಾಡಿ ಹೇಳಲ್ಲ, ಗುರುಗಳೇ," ಎಂದಳು.

ದೆಶೆಂಗ್ ತಾನಾಗಿಯೇ ಅಂಗಿಯ ತೋಳು ಮಡಚಿ ಬಲಗೈಯನ್ನೂ ಅವಳ ಮುಂದಿಟ್ಟ. "ಇದನ್ನೂ ನೋಡಮ್ಮ, ತಂಗಿ."