ನಿಂಬೆಹಣ್ಣು

“ಮದುವಿಗಿಂತ ಮೊದ್ಲ ಯಾರ ಜೋಡಿ ತಿರುಗಿ ಬಂದೀ ನೀ?”

ಅವ್ವ, ತಂಗಿ, ತಂಗಿಯ ಗಂಡ ಎಲ್ಲರೂ ಊಟಕ್ಕೆ ಕೂತಿರುವಾಗಲೇ ಅವನು ಹೆಂಡತಿಯನ್ನು ಕೇಳಿಬಿಟ್ಟ. ಅವಳ ಕೈಯ ಸಾರಿನ ಸೌಟು ಅಲ್ಲೇ ನಿಂತಿತು.

ಅವನ ಎರಡನೇ ಮದುವೆಯಾಗಿ ಮೂರು ತಿಂಗಳು. ಒಂದು ವಾರ ಕರಾವಳಿಗೆ ಹೋಗೋಣವೆಂದು ಹೇಳಿದವನು ಅವನೇ. ಸಮುದ್ರವನ್ನೇ ಕಂಡಿಲ್ಲವೆಂದಿದ್ದ ಹೆಂಡತಿ ಏಳು ದಿನದ ತಿರುಗಾಟವನ್ನು ನೀರು ಕುಡಿದಂತೆ ಒಪ್ಪಿಸಿದಳು. ಗೋಕರ್ಣದಲ್ಲಿ ಎರಡು ದಿನವಂತೆ, ಹೊನ್ನಾವರದಲ್ಲಿ ದೋಣಿಯನ್ನು ಬೆಳಿಗ್ಗೆಯೇ ಹತ್ತಬೇಕಂತೆ, ಮುರ್ಡೇಶ್ವರಕ್ಕೆ ಶನಿವಾರ ಬೇಡವಂತೆ. ಅಂದೇ ಅವನ ತಲೆಗೆ ಹುಳ ಹೊಕ್ಕಿತ್ತು.

“ನಾ ಸಮುದ್ರ ಕಂಡಾಕಿ ಅಲ್ರೀ.”

“ಕಾಣದಾಕಿಗೆ ದೋಣಿ ಹತ್ತೋ ಹೊತ್ತು ಹೆಂಗ ಗೊತ್ತು? ಯಾರಂವ? ಹೆಸರು ಹೇಳು.”

“ಬಾಯಿ ಬಿಡವಾ,” ಎಂದಳು ಅವ್ವನೂ.

ಅವಳು ಸೌಟು ಇಟ್ಟು ಒಳಗೆ ಹೋಗಿ, ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತಂದು ಅವನ ತಟ್ಟೆಯ ಪಕ್ಕ ಇಟ್ಟಳು.

“ಅಕ್ಕಾರ ಸೀರಿ ನನಗ ಉಡಾಕ ಕೊಟ್ರಲ್ಲ, ಅದರ ಮಡಿಕ್ಯಾಗ ಇತ್ರಿ.”

ಹಾಳೆಯ ಹಿಂಬದಿಯಲ್ಲಿ ತೀರಿಕೊಂಡ ಮೊದಲ ಹೆಂಡತಿಯ ಗುಂಡು ಅಕ್ಷರ. ಕಂಡವರನ್ನೆಲ್ಲ ಕೇಳಿ ಅವಳು ಬರೆದಿಟ್ಟ ಏಳು ದಿನ, ‘ಮುಂದಿನ ವರ್ಷ ನೋಡೋಣು’ ಎಂದು ಅವನು ಪ್ರತಿ ವರ್ಷ ಮುಂದೂಡಿದ ಏಳು ದಿನ. ಕೊನೆಯ ಸಾಲನ್ನು ತಂಗಿ ಬಗ್ಗಿ ಗಟ್ಟಿಯಾಗಿ ಓದಿದಳು:

“ಇವರಿಗೆ ಘಾಟಿ ಇಳಿಯುವಾಗ ಹೊಟ್ಟೆ ತೊಳಸುತ್ತದೆ. ನಿಂಬೆಹಣ್ಣು ಮರೆಯಬಾರದು.”

“ನಿಂಬಿಹಣ್ಣು ತಂದಿಟ್ಟೀನ್ರಿ,” ಎಂದಳು ಹೆಂಡತಿ.

ಅವನು ಎಂಜಲುಗೈಯಲ್ಲೇ ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ನಡೆದುಬಿಟ್ಟ.