ಎರಡು ಸೆಕೆಂಡು

ಈಗ ಫೋನಿನಲ್ಲಿ ನಮ್ಮ ಮಾತು ಎರಡು ಸೆಕೆಂಡು ತಡೆದರೆ, ನಮ್ಮ ಹಳೆಯ ಮಾತುಗಳನ್ನು ನೋಡಿಕೊಂಡು ನೆಟ್‌ವರ್ಕೇ ನಮ್ಮ ದನಿಯಲ್ಲಿ ಉತ್ತರಿಸುತ್ತದೆ. ಉಗ್ಗುವ ನನಗೆ ಅದರಿಂದ ಅನುಕೂಲವೇ ಆಗಿತ್ತು.

ಇಂದು ಗದಗಿನಿಂದ ಅಕ್ಕ ಫೋನ್ ಮಾಡಿದಳು. “ಶಿವಪುತ್ರ, ಗಂಡಿನ ಕಡ್ಯಾವ್ರು ಹೊರಗ ಕುಂತಾರ. ಹುಡುಗ ನಿಮ್ಮ ಡಿಪೋದಾಗ ಇದ್ದಾನಲ್ಲ, ಹೆಂಗದಾನ? ನೀ ಹೂಂ ಅಂದ್ರ ಮಗಳನ್ನ ಕೊಡ್ತೇನಿ.”

ಅವನು ಮೊದಲ ಹೆಂಡತಿಯನ್ನು ಹೊಡೆದು ಅಟ್ಟಿದ್ದನ್ನು ಕಣ್ಣಾರೆ ಕಂಡವನು ನಾನು. “ಬ್ಯಾಡ” ಎನ್ನಲು ಹೋದೆ. ತುಟಿ ಅಂಟಿಕೊಂಡಿತು.

“ಹೂಂ ಅಕ್ಕಾ, ನೀ ಹೆಂಗಂತಿ ಹಂಗ,” ಎಂದಿತು ನನ್ನ ದನಿ.

“ಹಂಗಾರ ತಾಂಬೂಲ ತಗೋತೇವಪಾ,” ಎಂದು ಅಕ್ಕ ಫೋನಿಟ್ಟಳು.

ಮತ್ತೆ ಫೋನ್ ಹಚ್ಚಿದೆ. “ಏನೋ?” ಎಂದಳು. ತುಟಿ ತೆರೆಯಲಿಲ್ಲ.

“ಏನಿಲ್ಲಕ್ಕ, ಊಟಾತೇನು?” ಎಂದಿತು ನನ್ನ ದನಿ.

ಇಷ್ಟು ವರ್ಷ ನಾನು ಅವಳಿಗೆ ಹೇಳುತ್ತ ಬಂದದ್ದು ಅಷ್ಟನ್ನೇ.